ತವರಿಗೆ ಬಂದ ಗನ್ನಿ

ನಮ್ಮ ಹಿತ್ತಲದ ನೀರಿನ ಟಾಕಿಗೆ ಸರಿಯಾದ ಮುಚ್ಚಳ ಇಲ್ಲ. ಇದ್ದದ್ದು ಒಡೆದುಹೋದ ಮೇಲೆ ಒಂದು ಹಳೆಯ ತಗಡಿನ ಬೋರ್ಡನ್ನು ಅಡ್ಡ ಹಾಕಿ, ಮೇಲೊಂದು ಕಲ್ಲು ಇಟ್ಟಿದ್ದೇವೆ. ಮೊನ್ನೆ ನಮ್ಮ ಸೊಸೆ, "ಮಾವಾರ, ಈ ತಗಡು ಜಂಗು ಹಿಡದೈತ್ರಿ. ಗುಜರಿಗೆ ಹಾಕಿ ಪ್ಲಾಸ್ಟಿಕ್ಕಿಂದು ತರೂಣ್ರಿ" ಅಂದಳು. "ಅದನ್ನ ಮುಟ್ಟಬ್ಯಾಡವಾ" ಅಂದೆ. ನನ್ನ ದನಿ ನನಗೇ ಸ್ವಲ್ಪ ದೊಡ್ಡದಾಗಿ ಕೇಳಿಸಿತು. ಆಕೆ ಪಾಪ, ಕೈಯಾಗಿನ ಕೊಡ ಕೆಳಗಿಟ್ಟು, "ಅಂಥಾದ್ದೇನೈತ್ರಿ ಅದರಾಗ?" ಅಂತ ಕೇಳಿದಳು. ನಿಂತ ಕಾಲ ಮೇಲೆ ಹೇಳುವಂಥದ್ದಲ್ಲ ಅದು. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ಬೋರ್ಡು ಬೋರಲಾಗಿ ಬಿದ್ದಿದೆ. ಎತ್ತಿ ತಿರುವಿದರೆ ನೀಲಿ ಬಣ್ಣದ ಮೇಲೆ ಹಳದಿ ಅಕ್ಷರ. ಮೇಲಿನ ಸಾಲಿನಲ್ಲಿ ಕನ್ನಡದಲ್ಲಿ ನಮ್ಮ ಅಪ್ಪನ ಹೆಸರು, ಅದರ ಕೆಳಗೆ ಇಂಗ್ಲಿಷಿನಲ್ಲಿ 'ಗನ್ನಿ ಮರ್ಚಂಟ್ಸ್'. ಗನ್ನಿಯ ಮೊದಲ ಅಕ್ಷರದ ನೆತ್ತಿಯ ಮೇಲೆ ಒಂದು ಕೆಂಪು ಕಲೆ ಇದೆ. ನೋಡಿದವರು ಜಂಗು, ತುಕ್ಕು ಅನ್ನುತ್ತಾರೆ. ಜಂಗಲ್ಲ ಅದು, ಕುಂಕುಮ.

ನಮ್ಮದು ಬ್ಯಾಡಗಿ ಪೇಟೆಯಲ್ಲಿ ಹಳೆಯ ಗೋಣಿಚೀಲದ ಅಂಗಡಿ. ಊರೂರಿನಿಂದ ಹರಿದ ಚೀಲ ಕೊಂಡು ತಂದು, ಝಾಡಿಸಿ, ತೇಪೆ ಹಚ್ಚಿ, ಸುತಳಿಯಿಂದ ಹೊಲಿದು ಮಾರುವುದು. ಮೆಣಸಿನಕಾಯಿಯ ಸುಗ್ಗಿಯಲ್ಲಿ ನಮಗೆ ಉಣ್ಣಲಿಕ್ಕೂ ಪುರುಸೊತ್ತಿಲ್ಲ. ಉಳಿದ ದಿನಗಳಲ್ಲಿ ರಾಣೆಬೆನ್ನೂರಿನ ಬೀಜದ ಅಂಗಡಿಗಳು, ಹಾವೇರಿಯ ಕಾಳಿನ ವ್ಯಾಪಾರಸ್ತರು, ಹಿಂಗೆ ಹೊಟ್ಟೆ ನಡೆಯುತ್ತಿತ್ತು. ಚೀಲ ಅಂದರೆ ಎಲ್ಲವೂ ಒಂದೇ ಅಂತ ನೀವು ತಿಳಿದಿದ್ದೀರಿ. ಚೀಲಕ್ಕೂ ನೆನಪು ಇರುತ್ತದೆ, ನೋಡ್ರಿ. ಬೆಲ್ಲ ತುಂಬಿದ್ದು ಮಳೆಗಾಲದಲ್ಲಿ ಬೆವರುತ್ತದೆ. ಮೆಂತೆ ತುಂಬಿದ್ದು ವರ್ಷ ಕಳೆದರೂ ಮೆಂತೆಯೇ. ಇನ್ನು ಬ್ಯಾಡಗಿ ಮೆಣಸಿನಕಾಯಿ ತುಂಬಿದ ಚೀಲಕ್ಕೆ ಮರುಮದುವೆ ಇಲ್ಲ. ನಮ್ಮ ಕಾಕಾ ಒಮ್ಮೆ ಗಡಿಬಿಡಿಯಲ್ಲಿ ಅಂಥ ಚೀಲಗಳನ್ನು ಒಂದು ಮದುವೆ ಮನೆಯ ಅವಲಕ್ಕಿಗೆ ಕೊಟ್ಟುಬಿಟ್ಟ. ಬೀಗರು ಅಕ್ಕಿಕಾಳು ಹಾಕುವ ಹೊತ್ತಿನಲ್ಲೂ ಸೀನುತ್ತಿದ್ದರು. ವರನ ಕಣ್ಣಲ್ಲಿ ನೀರು ನೋಡಿ ಹೆಣ್ಣಿನ ಕಡೆಯವರು, ಹುಡುಗ ಬಹಳ ಮೆತ್ತನ ಮನಸ್ಸಿನವ ಅಂತ ಮೆಚ್ಚಿಕೊಂಡರಂತೆ.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟೆ. ಅದರ ಬಗ್ಗೆ ನನಗೆ ಅಳುವೇನಿಲ್ಲ. ದಬ್ಬಣ ಹಿಡಿದ ಮೇಲೆ ಇವತ್ತಿನವರೆಗೆ ನಾನು ಹಾಕಿದ ಹೊಲಿಗೆ ಹಮಾಲರ ಕೊಕ್ಕೆಗೂ ಬಗ್ಗಿಲ್ಲ. ಇಂಗ್ಲಿಷನ್ನು ಮಾತ್ರ ನಾನು ಕಲಿತದ್ದು ಚೀಲದ ಮೇಲೆಯೇ. ಕಲಿಸಿದವಳು ನಮ್ಮ ಗಿರಿಜಕ್ಕ. ನನಗಿಂತ ದೊಡ್ಡವಳು, ಮ್ಯಾಟ್ರಿಕ್ ಪಾಸು. ಮಧ್ಯಾಹ್ನ ಅಂಗಡಿಯ ಚೀಲದ ರಾಶಿಯ ಮೇಲೆ ನನ್ನನ್ನು ಕೂಡ್ರಿಸಿಕೊಂಡು, ಚೀಲದ ಮೇಲೆ ಕಪ್ಪು ಮಸಿಯಲ್ಲಿ ಒತ್ತಿದ ಅಕ್ಷರಗಳ ಮೇಲೆ ನನ್ನ ಬೆರಳು ಆಡಿಸುತ್ತಿದ್ದಳು. ಹಾಗೆ ನಾನು ಓದಿದ ಮೊದಲ ಇಂಗ್ಲಿಷ್ ವಾಕ್ಯ 'ಯೂಸ್ ನೋ ಹುಕ್ಸ್'. ಎಲ್ಲ ಚೀಲಗಳ ಮೇಲೂ ಅದೇ ಇರುತ್ತಿದ್ದುದರಿಂದ ಅದು ಚೀಲ ಮಾಡಿದ ಸಾಹುಕಾರನ ಹೆಸರು ಅಂತ ನಾನು ಬಹಳ ದಿನ ನಂಬಿದ್ದೆ. ಕೊಕ್ಕೆ ಹಾಕಬೇಡಿರಿ ಅಂತ ಅದರ ಅರ್ಥ ಅಂತ ಅಕ್ಕ ಹೇಳಿದಾಗ ಎದುರಿಗೇ ಹಮಾಲನೊಬ್ಬ ಕೊಕ್ಕೆ ಹಾಕಿ ಚೀಲ ಎಳೆಯುತ್ತಿದ್ದ. ಅಪ್ಪ, "ಬರದಾವನೂ ಚೀಲಾ ಹೊರಂಗಿಲ್ಲ, ಹೊರಾವನೂ ಓದಂಗಿಲ್ಲ" ಅಂದ.

ಅಕ್ಕನನ್ನು ನರ್ಸು ಕಲಿಯಲಿಕ್ಕೆ ಹುಬ್ಬಳ್ಳಿಗೆ ಕಳಿಸಿದವನೂ ಅಪ್ಪನೇ. ಪೇಟೆಯ ಮಂದಿ ಅಂದದ್ದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ, ಆಕೆಯ ಟ್ರಂಕನ್ನು ತಾನೇ ಹೆಗಲ ಮೇಲೆ ಹೊತ್ತು ರೈಲಿಗೆ ಹತ್ತಿಸಿ ಬಂದಿದ್ದ. ಅದಕ್ಕೇ ಪೆಟ್ಟು ಜೋರಾಗಿ ಬಿತ್ತು. ಆಕೆ ಅಲ್ಲಿ ಗೋವಾ ಕಡೆಯ ಒಬ್ಬನನ್ನು ನೋಡಿಕೊಂಡು, ನಮಗೆ ಹೇಳದೆ ಮದುವೆಯಾಗಿ, ಅವನ ಜೊತೆ ವಾಸ್ಕೋಗೆ ಹೋದಳು. ಅವ ಬಂದರಿನಲ್ಲಿ ಕೆಲಸದವ. ಬೇರೆ ಜಾತಿ, ಬೇರೆ ಮಾತು, ಮೀನು ತಿನ್ನುವ ಮಂದಿ. ಸುದ್ದಿ ಕೇಳಿದ ದಿನ ಅಪ್ಪ ಒದರಾಡಲಿಲ್ಲ. ಹೊಲಿಯುತ್ತಿದ್ದ ಚೀಲವನ್ನು ಹೊಲಿದು ಮುಗಿಸಿ, ಗಂಟು ಹಾಕಿ, ಸುತಳಿಯನ್ನು ಹಲ್ಲಿನಿಂದ ಕಡಿದು, "ಉಡಿ ತುಂಬಿಸಿಕೊಳ್ಳದ ಹ್ವಾದಾಕಿಗೆ ತವರು ಎಲ್ಲೀದು?" ಅಂದ. ಅಷ್ಟೇ. ಆಮೇಲೆ ಆಕೆಯ ಹೆಸರು ನಮ್ಮ ಮನೆಯಲ್ಲಿ ನಿಂತುಹೋಯಿತು.

ಮಗಳು ತವರಿನಿಂದ ಹೊರಡುವಾಗ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣಕೊಂಬು, ಉತ್ತತ್ತಿ ಹಾಕಿ ಕಳಿಸುವುದು ನಮ್ಮಲ್ಲಿ ಎಷ್ಟು ದೊಡ್ಡ ಮಾತು ಅಂತ ನಿಮಗೆ ಹೇಳಬೇಕಾಗಿಲ್ಲ. ಬರಿಗೈಯಲ್ಲಿ ಹೋದ ಮಗಳು ಅಂದರೆ ಹೋದವಳಲ್ಲ, ಬಿಟ್ಟವಳು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಾವೇರಿ ಇನ್ನೂ ಜಿಲ್ಲೆ ಆಗಿರಲಿಲ್ಲ. ಗೋವಾಕ್ಕೆ ಮೆಣಸಿನಕಾಯಿ ಒಯ್ಯುವ ಲಾರಿಯ ಡ್ರೈವರನೊಬ್ಬ ಒಂದು ದಿನ ಅವ್ವನ ಹತ್ತಿರ ಬಂದು, "ನಿಮ್ಮ ಗಿರಿಜವ್ವ ಬಸರಿ ಅದಾಳ್ರಿ. ಆಸ್ಪತ್ರಿ ಬಾಗಲದಾಗ ಸಿಕ್ಕಿದ್ಲು, ಏನೂ ಹೇಳ್ಲಿಲ್ಲ, ಅತ್ಲು" ಅಂತ ಹೇಳಿಹೋದ. ಚೊಚ್ಚಲು. ಏಳು ತಿಂಗಳಾದಾಗ ತವರಿನವರು ಕರೆತಂದು, ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕುಬಸ ಮಾಡಬೇಕು. ಹೆರಿಗೆಯೂ ತವರಿನಲ್ಲೇ ಆಗಬೇಕು. ಅವ್ವ ಅಂದಿನಿಂದ ಊಟ ಬಡಿಸುವಾಗೆಲ್ಲ ಅಪ್ಪನ ಮುಖ ನೋಡುತ್ತಿದ್ದಳು. ಅಪ್ಪ ರೊಟ್ಟಿ ನೋಡುತ್ತಿದ್ದ.

ಇದೆಲ್ಲ ಹೀಗಿರುವಾಗ ನನಗೆ ಬೋರ್ಡಿನ ಹುಚ್ಚು ಹಿಡಿಯಿತು. ಪೇಟೆಯಲ್ಲಿ ನಮ್ಮ ಆಚೀಚಿನ ಅಂಗಡಿಗಳಿಗೆಲ್ಲ ಇಂಗ್ಲಿಷ್ ಬೋರ್ಡು ಬಂದಿದ್ದವು. ಚೀಲಕ್ಕೆ ಇಂಗ್ಲಿಷಿನಲ್ಲಿ ಗನ್ನಿ ಅನ್ನುತ್ತಾರೆ ಅಂತ ನನಗೆ ಯಾರೋ ಹೇಳಿದ್ದರು. ಆ ಮಾತು ನನಗೆ ಕೋಟು ಹಾಕಿಕೊಂಡಂತೆ ಕಾಣಿಸಿತು. ಅಪ್ಪನ ಮುಂದೆ ಹೇಳಿದೆ.

"ಗನ್ನಿ ಅಂದ್ರ?"

"ಗೋಣಿಚೀಲಪಾ, ಇಂಗ್ಲೀಷಿನ್ಯಾಗ."

"ಗೋಣಿಗೆ ಗೋಣಿ ಅಂದ್ರ ಏನ್ ಕಡಿಮಿ ಆತು? ಅಂಗಡಿ ನಂದು. ತಲಿ ಮ್ಯಾಲೆ ಗುರುತಿಲ್ಲದಾಕೀನ ಯಾಕ ಹೊರಲಿ?"

"ಹೊರಗಿನ ವ್ಯಾಪಾರಸ್ತರು ಬರ್ತಾರ. ಅವರಿಗೆ ಕನ್ನಡಾ ಓದಾಕ ಬರಂಗಿಲ್ಲ."

"ಚೀಲಾ ಒಟ್ಟೇವಲ್ಲ ಬಾಗಲದಾಗ. ಚೀಲಾ ಓದಾಕ ಬರಂಗಿಲ್ಲನು ಅವರಿಗೆ?"

ಆದರೆ ನಾನೂ ಅವನ ಮಗನೇ. ಸುಮ್ಮನೆ ಹಾವೇರಿಗೆ ಹೋಗಿ ಪೇಂಟರ್ ಮಕ್ಬೂಲ್‌ಸಾಬನಿಗೆ ಬೋರ್ಡು ಹೇಳಿಬಂದೆ. ಲಾರಿಗಳ ಹಿಂದೆ ಕಮಲದ ಹೂವು, ನವಿಲು ಬರೆಯುವುದರಲ್ಲಿ ಅವ ಎತ್ತಿದ ಕೈ. ಅವ ಕುಂಚ ಒರೆಸುತ್ತ, "ಭಾಯಿ, ನನ್ನ ಕೈಯಾಗ ಬಣ್ಣಾ ಐತಿ, ಇಂಗ್ಲೀಷ್ ಇಲ್ಲ. ಚೀಟಿ ಮ್ಯಾಲೆ ಬರಕೊಂಡ ಬರ್ರಿ, ಇದ್ದಂಗ ಎತ್ತಿ ಇಡ್ತೇನಿ. ತಪ್ಪಿದ್ರ ತಪ್ಪನ್ನೂ ಇದ್ದಂಗ ಎತ್ತಿ ಇಡ್ತೇನಿ" ಅಂದ.

ಆ ಭಯಕ್ಕೇ ನಾನು ರಾಣೆಬೆನ್ನೂರಿಗೆ ಹೋದದ್ದು. ನಾವು ಚೀಲ ಕೊಡುವ ಬೀಜದ ಅಂಗಡಿಯ ಅಟ್ಟದ ಮೇಲೆ ಒಬ್ಬ ನಿವೃತ್ತ ಇಂಗ್ಲಿಷ್ ಮಾಸ್ತರರು ಇದ್ದರು. ಚೀಲ ಇಳಿಸಿ, ಮೈ ಝಾಡಿಸಿಕೊಂಡು ಮೇಲೆ ಹತ್ತಿದೆ. ಮಾಸ್ತರರು ಎರಡು ಸಲ ಸೀನಿ, ಕುರ್ಚಿ ತೋರಿಸಿದರು. ಚೀಟಿಯ ಮೇಲೆ ಗನ್ನಿ ಬರೆದುಕೊಡಿರಿ ಅಂದೆ. ಬರೆದರು. ಬರೆದಮೇಲೂ ಚೀಟಿಯನ್ನು ಕೊಡಲಿಲ್ಲ.

"ಏನಪಾ, ಇದು ಯಾವ ಮಾತು ಗೊತ್ತದ ಏನು?"

"ಇಂಗ್ಲೀಷ್ ರೀ."

"ಈಗ ಇಂಗ್ಲೀಷ್. ಹುಟ್ಟಿದ್ದೆಲ್ಲಿ?"

ಎದ್ದು ಹೋಗಿ, ಬಸವಣ್ಣನ ಕಲ್ಲಿನಂಥ ಒಂದು ಡಿಕ್ಷನರಿಯನ್ನು ಎರಡೂ ಕೈಯಿಂದ ಎತ್ತಿ ತಂದರು. ಹಾಳೆ ತಿರುವಿ ಬೆರಳಿಟ್ಟು ಓದಿ, ನನಗೆ ಬಿಡಿಸಿ ಹೇಳಿದರು. "ಇದು ನಿಮ್ಮ ಮನೀದ ಅದನೋ. ಗೋಣಿ. ಮರಾಠಿಯೊಳಗ ಗೋಣಿ, ಹಿಂದಿಯೊಳಗ ಗೋಣಿ, ಸಂಸ್ಕೃತದಾಗೂ ಗೋಣಿ. ಎತ್ತಿನ ಬೆನ್ನ ಮ್ಯಾಲೆ ಹೇರತಾರಲ್ಲ, ಆ ಹೇರಿನ ಚೀಲಕ್ಕೂ ನಮ್ಮ ಹಿರಿಯರು ಇದನ್ನ ಅಂತಿದ್ರು. ಸಮುದ್ರದಾಚೆಯವರು ಇಲ್ಲಿ ವ್ಯಾಪಾರಕ್ಕ ಬಂದ್ರು. ಚೀಲದಾಗ ಮೆಣಸು ತುಂಬಿ ಒಯ್ದ್ರು, ಚೀಲದ ಜೊತಿ ಹೆಸರನ್ನೂ ಒಯ್ದ್ರು. ಅವರ ಬಾಯಾಗ ಹೊರಳಿ ಹೊರಳಿ ಗೋಣಿ ಹೋಗಿ ಗನ್ನಿ ಆತು."

"ಹಂಗಾರ ಸಂಸ್ಕೃತದವರು ನಮ್ಮಿಂದ ತೊಗೊಂಡ್ರೋ, ನಾವು ಅವರಿಂದ ತೊಗೊಂಡ್ವೋ?"

ಮಾಸ್ತರರು ಕನ್ನಡಕ ತೆಗೆದರು. "ಅದು ಪಂಡಿತರ ಜಗಳ. ಅದರಾಗ ನಾನೂ ಬೀಳಂಗಿಲ್ಲ, ನೀನೂ ಬೀಳಬ್ಯಾಡ. ಚೀಲಾ ಹರೀತಾವ."

ಬಸ್ಸಿನಲ್ಲಿ ಕಿಟಕಿಯ ಬದಿ ಕೂತು ಬರುವಾಗ ನನಗೆ ಏನೋ ಗೆದ್ದಂತೆ ಆಗಿತ್ತು. ಅಪ್ಪನಿಗೂ ಗೋಣಿಯ ಹುಟ್ಟಿನ ಬಗ್ಗೆ ತನ್ನದೇ ಒಂದು ಶಾಸ್ತ್ರ ಇತ್ತು. ಚೀಲ ತುಂಬಿದ ಮೇಲೆ ಗೋಣು ಹಿಸುಕಿ ಕಟ್ಟುತ್ತೇವಲ್ಲ, ಅದಕ್ಕೇ ಗೋಣಿ ಅನ್ನುತ್ತಿದ್ದ. ಅವನ ಶಾಸ್ತ್ರವನ್ನು ಈಗ ಡಿಕ್ಷನರಿ ಹಿಡಿದು ಮುರಿಯಬಹುದು ಅಂತ ನಾನು ಮೋಟೆಬೆನ್ನೂರು ದಾಟುವವರೆಗೂ ಮಾತು ಜೋಡಿಸಿದೆ. ಮನೆಗೆ ಬಂದು ನೋಡಿದರೆ ಅಪ್ಪ ಪಡಸಾಲೆಯಲ್ಲಿ ಹರಿದ ಚೀಲವೊಂದನ್ನು ಮೊಣಕಾಲ ಮೇಲೆ ಹಾಸಿಕೊಂಡು ತೇಪೆ ಹಚ್ಚುತ್ತಿದ್ದ, ಅವ್ವ ಒಳಗಿನ ಬಾಗಿಲಲ್ಲಿ ಸೊಪ್ಪು ಸೋಸುತ್ತಿದ್ದಳು. ನಾನು ಮಾಸ್ತರರು ಹೇಳಿದ್ದನ್ನೆಲ್ಲ ಹೇಳಿದೆ. ಅಪ್ಪ ವಾದ ಮಾಡಲಿಲ್ಲ. ಗೋಣಿನ ಮಾತನ್ನೇ ತೆಗೆಯಲಿಲ್ಲ. ದಬ್ಬಣ ಮಾತ್ರ ನಿಂತಿತು.

"ಹಡಗ ಹತ್ತಿ ಹೋತೇನು?"

"ಹೂಂ."

"ಹೋಗೂವಾಗ ಇಲ್ಲಿಯವರು ಯಾರೂ ಬ್ಯಾಡ ಅನ್ಲಿಲ್ಲನು?"

"ಮಾತು ಹೋಗಾಕ ಯಾರನ್ನ ಕೇಳಬೇಕಪಾ?"

ಅಪ್ಪ ತೇಪೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿದ. "ಅಲ್ಲಿ ಏನ್ ಕೆಲಸಾ ಅದಕ್ಕ?"

"ಇಲ್ಲಿದ್ದದ್ದ. ಚೀಲಾ ಅನ್ನೂ ಕಡೆಯೆಲ್ಲಾ ಅದು ಬೇಕು."

"ಕಸಬು ಬಿಟ್ಟಿಲ್ಲ ಅಂದಂಗಾತು."

"ಇಲ್ಲ. ಹೆಸರು ಒಂದೀಟು ತಿರುಗೇತಿ, ಅಷ್ಟ."

"ಮಂದಿ ಬಾಯಾಗಿದ್ರ ತಿರಗದ ಏನ್ ಮಾಡ್ತೈತಿ" ಅಂದ ಅಪ್ಪ. ಮತ್ತೆ ಹೊಲಿಯತೊಡಗಿದ. ಬಾಗಿಲಲ್ಲಿ ಅವ್ವನ ಕೈಯಾಗಿನ ಸೊಪ್ಪು ಹಾಗೇ ನಿಂತಿತ್ತು. ನಾನು, ದಡ್ಡ, ನನ್ನ ಬೋರ್ಡಿಗೆ ಒಪ್ಪಿಗೆ ಸಿಕ್ಕಿತು ಅಂತ ಮಾತ್ರ ಖುಷಿಪಟ್ಟೆ.

ಅಮಾವಾಸ್ಯೆಯ ಬೆಳಿಗ್ಗೆ ಮಕ್ಬೂಲ್‌ಸಾಬ ಬೋರ್ಡನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದ. ಪೇಟೆಯಲ್ಲಿ ಹೊಸ ತಕ್ಕಡಿಯಾಗಲಿ, ಹೊಸ ಬೋರ್ಡಾಗಲಿ, ಅಮಾವಾಸ್ಯೆಗೆ ಪೂಜೆ ಮಾಡಿಯೇ ಏರಿಸುವುದು. ನಿಚ್ಚಣಿಕೆ ಹಚ್ಚಿ ಆಗಿತ್ತು. ಅಪ್ಪ ಬೋರ್ಡನ್ನು ಗೋಡೆಗೆ ಆನಿಸಿ, ಒಂದೊಂದೇ ಅಕ್ಷರದ ಮೇಲೆ ಕೈ ಆಡಿಸಿದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ಇದ ಏನು ಆ ಹಡಗ ಹತ್ತಿದಾಕಿ?" ಅಂದ. "ಹೂಂ" ಅಂದೆ. ಅವ್ವನನ್ನು ಕರೆದು, "ಎಣ್ಣಿದೀಪಾ ಅಷ್ಟ ಸಾಲಂಗಿಲ್ಲ. ಉಡಿ ಅಕ್ಕಿನೂ ತಾ. ಆ ಕಾಲಕ್ಕ ಬರಿಗೈಲೆ ಹೋಗೇತಿ ಅಂತ. ತವರಿಗೆ ಬಂದೈತಿ, ಉಡಿ ತುಂಬೂಣು" ಅಂದ.

ಮಕ್ಬೂಲ್‌ಸಾಬ ನಕ್ಕ. ನಾನೂ ನಕ್ಕೆ. ಅವ್ವ ನಗಲಿಲ್ಲ.

ನಮ್ಮ ಅವ್ವ ಅಪ್ಪನಿಗೆ ಎದುರಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆಕೆ ಒಳಗೆ ಹೋದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣಕೊಂಬು, ಕುಂಕುಮದ ಬಟ್ಟಲು ಎಲ್ಲ ಹಿಡಿದುಕೊಂಡು ಬಂದಳು. ಬೋರ್ಡಿನ ಮುಂದೆ ನಿಂತಳು. ಮೊರವನ್ನು ಮಾತ್ರ ಕೆಳಗಿಡಲಿಲ್ಲ.

"ಉಡಿ ಹೆಂಗಸರು ತುಂಬೂದ್ರಿ. ನಾ ತುಂಬತೇನಿ. ಆದ್ರ ಹಿರೇಮಗಳಿಗೆ ತುಂಬಿದ ಮ್ಯಾಲೆ ಈಕಿಗೆ. ಹೊಟ್ಯಾಗ ಹುಟ್ಟಿದಾಕಿ ಉಡಿ ಬರಿದ ಇಟ್ಟು ತಗಡಿಗೆ ತುಂಬಿದ್ರ ಪ್ಯಾಟಿ ಮಂದಿ ನಗಂಗಿಲ್ಲ, ನಮ್ಮ ಮನಿ ದೇವರ ನಗತೈತಿ."

ಮೊರವನ್ನು ಹಾಗೇ ಎತ್ತಿಕೊಂಡು ಒಳಗೆ ಹೋದಳು. ಮಕ್ಬೂಲ್‌ಸಾಬ ಸದ್ದಿಲ್ಲದೆ ನಿಚ್ಚಣಿಕೆಯನ್ನು ಇಳಿಸಿದ. ಅಪ್ಪ ಬೋರ್ಡನ್ನು ಎತ್ತಿ, ಅಂಗಡಿಯ ಒಳಗೆ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ.

ಅದು ಹಾಗೇ ನಿಂತಿತು. ಎದುರಂಗಡಿಯವ ದಿನಾ ಹಲ್ಲುಪುಡಿ ತಿಕ್ಕುತ್ತ ಬಂದು, "ಏನಪಾ, ನಿಮ್ಮ ಬೋರ್ಡು ಗ್ವಾಡಿಗೆ ಮಾರಿ ಮಾಡಿ ಕುಂತೈತಿ. ಯಾರ ಮ್ಯಾಲೆ ಮುನಿಸು?" ಅಂತ ಕೇಳಿ ಹೋಗುತ್ತಿದ್ದ. ಅಪ್ಪ ಒಂದು ಹೊಸ ಚೀಲವನ್ನು ತೆಗೆದಿಟ್ಟುಕೊಂಡು, ಗಿರಾಕಿ ಇಲ್ಲದಾಗ ಅದರ ಅಂಚಿಗೆ ಎರಡು ಸಾಲು ಹೊಲಿಗೆ ಹಾಕುತ್ತಿದ್ದ. ಹೊಸ ಚೀಲಕ್ಕೆ ಹೊಲಿಗೆ ಯಾಕೆ ಅಂತ ನಾನು ಕೇಳಲಿಲ್ಲ. ಕೇಳಿದರೆ ಹೇಳುತ್ತಲೂ ಇರಲಿಲ್ಲ.

ಒಂದು ಮುಂಜಾನೆ ಎದ್ದು ನೋಡುತ್ತೇನೆ, ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಟೊಪ್ಪಿಗೆ ಇಟ್ಟು, ಆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲ ಮೇಲಿದ್ದಾನೆ. ಚೀಲ ತುಂಬಿ ಗುಂಡಗಾಗಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬ್ಯಾಡಗಿ ಮೆಣಸಿನಕಾಯಿ. ಯಾವಾಗ ಬೇಯಿಸಿದರೋ, ಯಾವಾಗ ಕಟ್ಟಿದರೋ. ಅವ್ವ ಏನೂ ಕೇಳದೆ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ನಾನು ಕಣ್ಣು ತಿಕ್ಕುತ್ತ, "ಎಲ್ಲಿಗೆ ಹೊಂಟೀಪಾ?" ಅಂದುಬಿಟ್ಟೆ.

ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತು. ಅಪ್ಪ ನನ್ನ ಕಡೆ ನೋಡಿದ ನೋಟಕ್ಕೆ ನಾನು ಮತ್ತೆ ಹಾಸಿಗೆಯೊಳಗೆ ಹೋಗಬೇಕು ಅನ್ನಿಸಿತು. ಅವ ತಿರುಗಿ ಒಳಗೆ ಬಂದು, ಚೀಲ ಇಳಿಸಿ, ಕುಂತು, ನೀರು ಕುಡಿದು, ಬಾಯಿ ಒರೆಸಿಕೊಂಡು ಮತ್ತೆ ಹೊಸದಾಗಿ ಹೊರಟ. ಆ ಗದ್ದಲದಲ್ಲಿ ರೈಲು ತಪ್ಪಿತು. ಮುಂದಿನ ಗಾಡಿಗೆ ಹೋಗಿ, ಹುಬ್ಬಳ್ಳಿಯಲ್ಲಿ ಬದಲಿಸಿ, ವಾಸ್ಕೋ ಮುಟ್ಟಿದನಂತೆ.

ಅಲ್ಲಿ ಏನಾಯಿತು ಅಂತ ಆಮೇಲೆ ಅಕ್ಕ ನಕ್ಕೊಂತ, ಮೂಗು ಒರೆಸಿಕೊಂತ ಹೇಳಿದಳು. ಅಪ್ಪ ಬಾಗಿಲಲ್ಲೇ ನಿಂತು, ಒಳಗೆ ಬರದೆ, ಎಲ್ಲೋ ನೋಡುತ್ತ, "ಕುಬಸಾ ಐತಿ. ನಿಮ್ಮವ್ವ ಕರದಾಳ" ಅಂದನಂತೆ. ತಾನು ಕರೆದೆ ಅನ್ನಲಿಲ್ಲ. ನಮ್ಮ ಮಾಮಾ, ಅಂದರೆ ಅಕ್ಕನ ಗಂಡ, ಗಡಬಡಿಸಿ ಕುರ್ಚಿ ತಂದು ಇಟ್ಟ. ಅಪ್ಪ ಕುರ್ಚಿಯ ಮೇಲೆ ಕೂಡ್ರಲಿಲ್ಲ. ಚೀಲದಾಗಿನ ಗಂಟುಗಳನ್ನು ತೆಗೆದು, ಖಾಲಿ ಚೀಲ ನೆಲಕ್ಕೆ ಹಾಸಿ ಅದರ ಮೇಲೆ ಕುಂತ. ಮಾಮಾಗೆ ಕನ್ನಡ ಇಲ್ಲ, ಅಪ್ಪನಿಗೆ ಅವನ ಕೊಂಕಣಿ ಇಲ್ಲ. ಕೊನೆಗೆ ಮಾಮಾ ಬಗ್ಗಿ, ಅಂಚಿನ ಆ ಎರಡು ಸಾಲು ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಬಂದರಿನಲ್ಲಿ ದಿನಾ ಚೀಲ ಇಳಿಸಿ ಏರಿಸುವ ಕೈ ಅದು.

"ಗೋಣಿ" ಅಂದ, ಮೆಚ್ಚಿ.

ಅಪ್ಪ ತಲೆ ಎತ್ತಿದ. "ನಿಮ್ಮ ಕಡೀನೂ ಗೋಣಿನ ಅಂತೀರೇನು?"

ಅಕ್ಕ ನಡುವೆ ನಿಂತು ತಿಳಿಸಿ ಹೇಳಿದಳಂತೆ. ಅದಾದಮೇಲೆ ಇಬ್ಬರೂ ಬಾಜೂಕ್ಕೆ ಕುಂತು ಉಂಡರು. ಅಪ್ಪ ತನ್ನ ರೊಟ್ಟಿಯನ್ನೇ ತಿಂದ, ಮೀನಿನ ಕಡೆ ನೋಡಲಿಲ್ಲ. ಆದರೆ ಮಾಮಾನ ತಾಟಿಗೆ ಎರಡು ರೊಟ್ಟಿ ಹಾಕಿದ.

ಮೂವರೂ ಬ್ಯಾಡಗಿ ಸ್ಟೇಶನ್ನಿನಲ್ಲಿ ಇಳಿದಾಗ ಅಕ್ಕ ಬೇರೆಯೇ ಆಗಿದ್ದಳು. ಸೀರೆ ಉಟ್ಟ ರೀತಿ ಬೇರೆ, ಮಾತಿನ ಕೊನೆಗೆ ಒಂದು ಹೊಸ ರಾಗ. ಓಣಿಯ ಹೆಣ್ಣುಮಕ್ಕಳು, "ನಮ್ಮ ಗಿರಿಜವ್ವಾ ಹೌದೋ ಅಲ್ಲೋ" ಅಂತ ಸುತ್ತ ಬಂದು ನೋಡಿದರು. ಅಪ್ಪ ಗದರಿದ: "ಮಾರಿ ನೋಡ್ರಿ, ಸೀರಿ ಏನ್ ನೋಡ್ತೀರಿ."

ಕುಬಸ ಆಯಿತು. ಹಸಿರು ಸೀರೆ, ಹಸಿರು ಬಳೆ, ಹಾಡು. ಅವ್ವ ಅಕ್ಕನ ಉಡಿಗೆ ಅಕ್ಕಿ ಹಾಕುವಾಗ ಮಗಳ ಮುಖವನ್ನೇ ನೋಡುತ್ತಿದ್ದುದರಿಂದ ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಎಲ್ಲ ಮುಗಿದ ಮೇಲೆ ಮೊರದಲ್ಲಿ ಇನ್ನೂ ಒಂದು ಬೊಗಸೆ ಉಳಿದಿತ್ತು. ಅವ್ವ ಅಪ್ಪನ ಕಡೆ ತಿರುಗಿ, "ಈಗ ತರ್ರಿ ನಿಮ್ಮ ಸಣ್ಣ ಮಗಳನ್ನ" ಅಂದಳು.

ಅಪ್ಪ ತಾನೇ ಹೋಗಿ ಬೋರ್ಡು ಎತ್ತಿಕೊಂಡು ಬಂದ. ಊಟಕ್ಕೆ ಬಂದಿದ್ದ ಮಕ್ಬೂಲ್‌ಸಾಬ ಬೆಳಿಗ್ಗೆಯೇ ಅಕ್ಷರಗಳಿಗೆ ಇನ್ನೊಂದು ಕೈ ಬಣ್ಣ ಎಳೆದಿದ್ದ. ಹಳದಿ ಇನ್ನೂ ಹಸಿ ಇತ್ತು. ಅವ್ವ ಮೊದಲ ಅಕ್ಷರಕ್ಕೆ ಕುಂಕುಮ ಹಚ್ಚಿದಳು, ಅದು ಅಲ್ಲೇ ಕಚ್ಚಿಕೊಂಡಿತು. ಆಮೇಲೆ ಅಕ್ಕಿ ಕೈಗೆ ತೊಗೊಂಡು ಸುಮ್ಮನೆ ನಿಂತಳು. ತಗಡಿಗೆ ಸೆರಗು ಎಲ್ಲಿಂದ ಬರಬೇಕು? ಯಾರಿಗೂ ಹೊಳೆಯಲಿಲ್ಲ. ಅಕ್ಕ ಮೆಲ್ಲಗೆ ಎದ್ದು ಬಂದು, ತುಂಬಿದ ತನ್ನ ಉಡಿಯನ್ನೇ ಬೋರ್ಡಿನ ಕೆಳಗೆ ಒಡ್ಡಿದಳು. ಅವ್ವ ಅಕ್ಷರಗಳ ಮೇಲಿಂದ ಅಕ್ಕಿ ಇಳಿಬಿಟ್ಟಳು. ಅದು ತಗಡಿನ ಮೇಲೆ ಸಳಸಳ ಜಾರಿ ಬಂದು ಅಕ್ಕನ ಸೆರಗಿನಲ್ಲಿ ಬಿತ್ತು.

ಬೋರ್ಡು ಅಂದೇ ಏರಿತು. ಮರುದಿನ ಹಾವೇರಿಯ ಕಾಳಿನ ವ್ಯಾಪಾರಿಯೊಬ್ಬ ಚೀಲಕ್ಕೆ ಬಂದವ, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ.

"ಏನ್ ಕಾಕಾರ, ಇಂಗ್ಲೀಷ್ ಬೋರ್ಡು ಹಾಕ್ಸೀರಿ. ಏನ್ ಬರದೈತಿ?"

ಅಪ್ಪ ದಬ್ಬಣಕ್ಕೆ ಸುತಳಿ ಪೋಣಿಸುತ್ತಿದ್ದ. ಒಳಗೆ ಚೀಲದ ರಾಶಿಯ ಮೇಲೆ ಅಕ್ಕ ಕಾಲು ಚಾಚಿ ಕುಂತು, ಚೀಲದ ಮೇಲಿನ ಅಕ್ಷರಗಳನ್ನು ಮಾಮಾಗೆ ಓದಿ ತೋರಿಸುತ್ತಿದ್ದಳು. ಅಪ್ಪ ಬೋರ್ಡಿನ ಕಡೆ ನೋಡಲಿಲ್ಲ, ಆ ಕಡೆ ನೋಡಿದ.

"ನಮ್ಮಾಕೀನ. ದೂರ ಹೋಗಿದ್ಲು" ಅಂದ. "ಬಂದಾಳ."